ಡಿಸೆಂಬರ್ ಚಳಿಯಲ್ಲಿ ಅಪ್ಪನ್ನ ಎಡೇಲ್ ನಡಿಗೆಗೆ ಕರ್ಕೊಂಡು ಹೋಗೋದಾ, ಬೇಡ್ವಾ?

ಹೇಮಾವತಿ_ದಡದವಳು
ಎಲ್ಲರಿಗೂ ನಮಸ್ಕಾರ. ನಾನಿರೋದು ಶೆಫೀಲ್ಡ್‌ನಲ್ಲಿ. ಇಲ್ಲಿನ ಒಂದು ರ‍್ಯಾಂಬ್ಲಿಂಗ್ ಕ್ಲಬ್ ಜೊತೆ ಆಗಾಗ ನಡೆಯೋಕೆ ಹೋಗ್ತೀನಿ. ಡಿಸೆಂಬರ್ ಮೂರನೇ ಭಾನುವಾರ ಅವರು ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವಿನ ಎಡೇಲ್ ಹಳ್ಳಿಯಿಂದ ಒಂದು ನಡಿಗೆ ಇಟ್ಕೊಂಡಿದ್ದಾರೆ. ಸ್ಟೇಷನ್ನಿಂದ ಹಾಲಿನ್ಸ್ ಕ್ರಾಸ್, ಮ್ಯಾಮ್ ಟಾರ್, ರಶಪ್ ಎಡ್ಜ್, ಅಲ್ಲಿಂದ ಚಾಪೆಲ್ ಗೇಟ್ ಇಳಿದು ಬಾರ್ಬರ್ ಬೂತ್ ಮೇಲೆ ವಾಪಸ್. ಎಂಟು ಮೈಲಿ, ಏರು ಸುಮಾರು 450 ಮೀಟರ್, ದರ್ಜೆ "ಮಾಡರೇಟ್" ಅಂತ ಹಾಕಿದ್ದಾರೆ.

ಅಪ್ಪ ಅಮ್ಮ ಊರಿಂದ ಬಂದಿದ್ದಾರೆ. ಅಮ್ಮ ಹೀಟರ್ ಬಿಟ್ಟು ಏಳಲ್ಲ, ಅದು ಬೇರೆ ಮಾತು. ಅಪ್ಪನಿಗೆ 67. ಸಕಲೇಶಪುರದ ಕಡೆ ಸಣ್ಣ ಕಾಫಿ ತೋಟ ಇದೆ, ಬೆಳಗ್ಗೆಯಿಂದ ಸಂಜೆವರೆಗೂ ತೋಟ ಸುತ್ತೋ ಮನುಷ್ಯ. ಬಿಪಿ ಮಾತ್ರೆ ಒಂದು ಬಿಟ್ಟರೆ ಬೇರೇನಿಲ್ಲ. ಇಲ್ಲಿ ಮನೆಯೊಳಗೆ ಕೂತು ಕೂತು ಸಿಡುಕ್ತಾ ಇದ್ದಾರೆ. ಕರ್ಕೊಂಡು ಹೋಗೋಣ ಅನ್ಸುತ್ತೆ. ಆದರೆ ಜೀವನದಲ್ಲಿ ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಹಾಕಿದವರಲ್ಲ, ಇನ್ನು ಇದು ಚಳಿಗಾಲ. ಇನ್ನೊಂದು, ಅವರದೇ ಪ್ರಶ್ನೆ: "ಯಾರದೋ ಜಮೀನಿನ ಮಧ್ಯ ಹಾದು ಹೋಗ್ತಾರಾ? ಮಾಲೀಕ ನಾಯಿ ಛೂ ಬಿಡಲ್ವಾ?" ನನಗೂ ಸರಿಯಾಗಿ ಉತ್ತರ ಕೊಡೋಕೆ ಬರಲಿಲ್ಲ. ಗೊತ್ತಿರೋರು ಹೇಳಿ.

ಧಾರವಾಡ_ಫೇಡೆ
ಏನ್ರೀ ಇದು, 517 ಮೀಟರಿನ ಮ್ಯಾಮ್ ಟಾರ್ ಗುಡ್ಡಕ್ಕ ಇಷ್ಟ್ ವಿಚಾರ ಮಾಡ್ತೀರಿ? ನಮ್ಮ ಕುಮಾರ ಪರ್ವತ 1,712 ಮೀಟರ್ ಐತಿ. ನಿಮ್ಮ ಅಪ್ಪಾರು ಮಲೆನಾಡಿನವ್ರು, ಓಡಕೋಂತ ಹತ್ತತಾರ. ಕರಕೊಂಡ್ ಹೋಗ್ರಿ.

ಲೀಡ್ಸ್_ಲಿಂಗರಾಜು
ಫೇಡೆ ಸರ್, ಎತ್ತರ ನೋಡಿ ಲೆಕ್ಕ ಹಾಕೋದೇ ಇಲ್ಲಿ ಎಡವಟ್ಟಾಗೋದು. ಕುಮಾರ ಪರ್ವತದಲ್ಲಿ ಡಿಸೆಂಬರ್ ಅಂದ್ರೆ ಒಳ್ಳೆ ಬಿಸಿಲು, ಸಂಜೆ ಆರರವರೆಗೆ ಬೆಳಕು. ಇಲ್ಲಿ ಡಿಸೆಂಬರ್ ಮೂರನೇ ವಾರ ಸೂರ್ಯ ಹುಟ್ಟೋದೇ ಎಂಟು ಕಾಲಿನ ಮೇಲೆ, ಮುಳುಗೋದು ನಾಲ್ಕಕ್ಕೆ ಹತ್ತು ನಿಮಿಷ ಮುಂಚೆ. ಗುಡ್ಡದ ನೆತ್ತಿ ಮೇಲೆ ಗಾಳಿ ಶುರುವಾದರೆ ಎರಡು ಡಿಗ್ರಿ ಇದ್ದದ್ದು ಮೈಗೆ ಮೈನಸ್ ಐದರ ಹಾಗೆ ತಾಗುತ್ತೆ. ಗುಡ್ಡ ಚಿಕ್ಕದು, ದಿನ ಅದಕ್ಕಿಂತ ಚಿಕ್ಕದು.

ಹೇಮಾವತಿ ಮೇಡಂ, ನೇಯ್‌ಸ್ಮಿತ್ ಲೆಕ್ಕ ಅಂತ ಒಂದಿದೆ, 1892ರದ್ದು. ಮೂರು ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಿಮ್ಮ ನಡಿಗೆಗೆ ಹಾಕಿದರೆ ಮೂರೂವರೆ ಗಂಟೆ ಹತ್ತಿರ ಬರುತ್ತೆ. ಅದು ಗಟ್ಟಿಮುಟ್ಟಾದ ಆಳು, ಒಣ ನೆಲ, ಎಲ್ಲೂ ನಿಲ್ಲದೆ ನಡೆದರೆ. ಕೆಸರು, ಊಟ, ಪದೇ ಪದೇ ಕೈಗವಸು ತೆಗೆದು ಹಾಕೋದು, ಎಲ್ಲಾ ಸೇರಿ ಐದು ಗಂಟೆ ಅಂತ ಇಟ್ಕೊಳ್ಳಿ. ಹತ್ತೂ ಕಾಲಿಗೆ ಹೊರಟರೆ ಮೂರೂ ಕಾಲಿಗೆ ಸ್ಟೇಷನ್. ಕತ್ತಲಿಗೆ ಅರ್ಧ ಗಂಟೆ ಉಳಿಯುತ್ತೆ ಅಷ್ಟೆ. ನಿಮ್ಮ ತಂದೆ ಚಪ್ಪಲಿ ಬಿಟ್ಟು ಮೊದಲ ಸಲ ಬೂಟ್ ಹಾಕಿ ನಡೆಯೋ ದಿನ ಈ ಅರ್ಧ ಗಂಟೆಯನ್ನ ನಂಬ್ಕೋಬೇಡಿ.

ಉಂಬಳ
ಮೊದಲು ಬೂಟು. ಅದೂ ಹೊಸದು ತಗೊಂಡು ನೇರ ಗುಡ್ಡಕ್ಕೆ ಬೇಡ. ವಾರ ಮೊದಲೇ ತಗೊಂಡು ಮನೆಯೊಳಗೆ, ಪಾರ್ಕಲ್ಲಿ ಹಾಕ್ಕೊಂಡು ತಿರುಗಲಿ. ಚಪ್ಪಲಿ ಕಾಲು ಅಗಲವಾಗಿರುತ್ತೆ, ದಪ್ಪ ಕಾಲುಚೀಲ ಹಾಕ್ಕೊಂಡೇ ಅಳತೆ ನೋಡಿ. ಇಳಿಜಾರಲ್ಲಿ ಬೆರಳು ಮುಂದೆ ತಾಗಬಾರದು.

ಮಂಗಳೂರು_ಬನ್ಸ್
ಜೀನ್ಸ್ ಹಾಕಿಸಬೇಡಿ ಮಾರಾಯ್ರೆ! ಒದ್ದೆ ಆದ ಮೇಲೆ ಒಣಗುವ ಪ್ರಶ್ನೆಯೇ ಇಲ್ಲ. ಹತ್ತಿ ಬನಿಯನ್ ಸಹ ಬೇಡ, ಬೆವರು ಹೀರಿ ಮೈ ತಣ್ಣಗೆ ಮಾಡ್ತದೆ. ತೆಳ್ಳಗಿನ ಉಣ್ಣೆ ಒಳಗೆ, ಫ್ಲೀಸ್ ಮಧ್ಯೆ, ಮಳೆ ತಡೆಯುವ ಜಾಕೆಟ್ ಮೇಲೆ. ಊರಿಂದ ತಂದ ಮಂಕಿ ಕ್ಯಾಪ್ ಉಂಟಲ್ಲ, ಅದು ಭಾರಿ ಒಳ್ಳೆಯದು, ನಾಚಿಕೆ ಬೇಡ.

ಹೇಮಾವತಿ_ದಡದವಳು
ಮಂಕಿ ಕ್ಯಾಪ್ ಇಲ್ಲದೆ ಅಪ್ಪ ಅಡುಗೆಮನೆಗೂ ಹೋಗಲ್ಲ 😀 ಅದರ ಚಿಂತೆ ಇಲ್ಲ. ಜಮೀನಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಕಪ್ಪುಕೋಟು
ನಾನು ಕೊಡ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಇಂಗ್ಲೆಂಡು, ವೇಲ್ಸಿನಲ್ಲಿ ಹೊಲದ ನಡುವೆ ಹಾದುಹೋಗೋ ಕಾಲುದಾರಿ ಮಾಲೀಕನ ಔದಾರ್ಯ ಅಲ್ಲ. ನೆಲ ಅವನದ್ದು, ನಡೆಯೋ ಹಕ್ಕು ಸಾರ್ವಜನಿಕರದ್ದು. 1949ರ ಕಾಯ್ದೆ ಬಂದ ಮೇಲೆ ಪ್ರತಿ ಕೌಂಟಿ ತನ್ನ ಸರಹದ್ದಿನ ಇಂಥ ದಾರಿಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ಗುರುತು ಮಾಡಬೇಕಾಯಿತು. ಆ ನಕ್ಷೆಯಲ್ಲಿ ಇದ್ದರೆ ಮುಗೀತು, ಕೋರ್ಟಿನಲ್ಲಿ ಅದೇ ಪುರಾವೆ. ಆರ್ಡ್‌ನೆನ್ಸ್ ಸರ್ವೆ ಅನ್ನೋ ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯ 1:25,000 ನಕ್ಷೆ, ಕಿತ್ತಳೆ ರಟ್ಟಿನದ್ದು, ತಗೊಂಡರೆ ಹಸಿರು ತುಂಡುಗೆರೆಗಳಲ್ಲಿ ಕಾಣುತ್ತೆ. ದಾರಿಯಲ್ಲಿ ಕಂಬಕ್ಕೆ ಹಳದಿ ಬಾಣ ಇದ್ದರೆ ನಡೆಯೋರಿಗೆ ಮಾತ್ರ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲಿಗೂ ಸೇರಿ.

ರೈತ ಹೊಲದ ನಡುವಿನ ದಾರಿಯನ್ನ ಉಳಬಹುದು, ಆದರೆ 14 ದಿನದೊಳಗೆ ಮತ್ತೆ ನಡೆಯೋ ಹಾಗೆ ಮಾಡಿಕೊಡಬೇಕು. ಹೊಲದ ಅಂಚಿನ ದಾರಿಯನ್ನ ಉಳೋ ಹಾಗೇ ಇಲ್ಲ. ಬೇಲಿ ಹಾಕಿ ಮುಚ್ಚೋದು ಅಪರಾಧ. ನಿಮ್ಮ ತಂದೆ ನೆಮ್ಮದಿಯಾಗಿ ನಡೀಬಹುದು. ಗೇಟ್ ಹೇಗಿತ್ತೋ ಹಾಗೇ ಬಿಟ್ಟು ಬರಬೇಕು, ಅಷ್ಟೆ.

ನಿವೃತ್ತ_ಮೇಷ್ಟ್ರು
ಇದನ್ನೆಲ್ಲ ಸುಮ್ಮನೆ ಕೊಟ್ಟಿಲ್ಲ. 1932ರ ಏಪ್ರಿಲ್ 24ರಂದು ಇದೇ ಎಡೇಲ್ ಕಣಿವೆಯ ನೆತ್ತಿಯ ಮೇಲಿರುವ ಕಿಂಡರ್ ಸ್ಕೌಟ್ ಗುಡ್ಡಕ್ಕೆ ನೂರಾರು ಜನ ಬೇಕೆಂದೇ ನುಗ್ಗಿದರು. ಬಹುಪಾಲು ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಹುಡುಗರು. ಆಗ ಆ ಜೌಗುಮಾಳವೆಲ್ಲ ಶ್ರೀಮಂತರು ಹಕ್ಕಿ ಹೊಡೆಯಲು ಇಟ್ಟುಕೊಂಡ ಜಾಗ, ಕಾವಲುಗಾರರು ದೊಣ್ಣೆ ಹಿಡಿದು ನಿಂತಿದ್ದರು. ಐದು ಜನಕ್ಕೆ ಜೈಲಾಯಿತು. ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಇಪ್ಪತ್ತರ ಆಸುಪಾಸು. ಮೂರು ವರ್ಷದ ನಂತರ, 1935ರಲ್ಲಿ, ರ‍್ಯಾಂಬ್ಲರ್ಸ್ ಸಂಘ ಹುಟ್ಟಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1965ರಲ್ಲಿ ಎಡೇಲಿನಿಂದಲೇ ಪೆನ್ನೈನ್ ವೇ ಎಂಬ ಕಾಲುದಾರಿ ಶುರುವಾಯಿತು, 268 ಮೈಲಿ, ಸ್ಕಾಟ್ಲೆಂಡಿನ ಗಡಿಯಾಚೆಗೆ ಮುಟ್ಟುತ್ತದೆ. ತಂದೆಯವರಿಗೆ ಇದನ್ನು ಹೇಳಿ, ರೈಲಿನಲ್ಲಿ ಹೊತ್ತು ಹೋಗುತ್ತದೆ.

ಲೀಡ್ಸ್_ಲಿಂಗರಾಜು
ಮೇಷ್ಟ್ರೇ, ಒಂದು ಸಣ್ಣ ಸೇರ್ಪಡೆ: ಅವತ್ತು ದೊಡ್ಡ ಗುಂಪು ಹೊರಟಿದ್ದು ಗುಡ್ಡದ ಆಚೆ ಬದಿಯ ಹೇಫೀಲ್ಡ್‌ನಿಂದ. ಎಡೇಲ್ ಕಡೆಯಿಂದ ಹತ್ತಿದ್ದು ಶೆಫೀಲ್ಡಿನವರ ಚಿಕ್ಕ ಗುಂಪು.

ನಿವೃತ್ತ_ಮೇಷ್ಟ್ರು
ನಾನು ಕಣಿವೆಯ ನೆತ್ತಿ ಎಂದೆ, ಎಡೇಲಿನಿಂದ ಹೊರಟರು ಎನ್ನಲಿಲ್ಲ. ಇರಲಿ, ತಿಳಿದವರು ಸೇರಿಸಿದ್ದು ಒಳ್ಳೆಯದೇ.

ಅಡಕೆ_ಸುಲಿಯೋನು
ಇದೆಲ್ಲ ಓದಿ ಹೊಟ್ಟೆ ಉರೀತು. ನಮ್ಮೂರಲ್ಲಿ ತೋಟಕ್ಕೆ ಹೋಗೋ ಬಂಡಿದಾರಿ ಗ್ರಾಮ ನಕ್ಷೆಯಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಇದೆ. ಪಕ್ಕದವನು ಬೇಲಿ ಹಾಕಿ ಅಡಕೆ ಸಸಿ ನೆಟ್ಟ. ಕಚೇರಿಗೆ ಅರ್ಜಿ ಕೊಟ್ಟರೆ ಸರ್ವೆಯವರು ಬರಬೇಕು ಅಂದ್ರು, ಸರ್ವೆಯವರು ಬಂದ್ರೆ ಮಳೆ, ಮಳೆ ಬಿಟ್ರೆ ಎಲೆಕ್ಷನ್ ಡ್ಯೂಟಿ. ಸಸಿ ಈಗ ಫಸಲಿಗೆ ಬಂದಿದೆ.

ಕಪ್ಪುಕೋಟು
ಅಡಕೆ ಸರ್, ನಿಮ್ಮ ಹಕ್ಕೇನೂ ಕಡಿಮೆ ಇಲ್ಲ. ನಕಾಶೆ ಕಂಡ ದಾರಿಯನ್ನ ತೆರವು ಮಾಡಿಸೋದು ತಹಶೀಲ್ದಾರರ ಜವಾಬ್ದಾರಿ. ನಕ್ಷೆಯಲ್ಲಿ ಇಲ್ಲದಿದ್ದರೂ 1882ರ ಈಸ್‌ಮೆಂಟ್ (ಬೇರೆಯವರ ನೆಲ ಬಳಸೋ ಹಕ್ಕು) ಕಾಯ್ದೆ ಪ್ರಕಾರ 20 ವರ್ಷ ಯಾರ ತಡೆಯೂ ಇಲ್ಲದೆ, ಕದ್ದು ಮುಚ್ಚದೆ, ಹಕ್ಕಿನಿಂದ ಓಡಾಡಿದ್ದರೆ ದಾವೆ ಹಾಕಬಹುದು. ತಮಾಷೆ ನೋಡಿ, ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆಯಲ್ಲೂ ಅದೇ 20 ವರ್ಷ: ಜನ ಅಷ್ಟು ಕಾಲ ಓಡಾಡಿದ್ದರೆ ಅದು ಸಾರ್ವಜನಿಕ ದಾರಿ ಅಂತ ಎಣಿಸ್ತಾರೆ. ವ್ಯತ್ಯಾಸ ಎಲ್ಲಿ ಅಂದ್ರೆ, ನಮ್ಮಲ್ಲಿ ದಾರಿ ಬೇಕಾಗಿರೋದು ಆ ತೋಟದವನಿಗೆ, ಅವನೊಬ್ಬನೇ ಕಚೇರಿ ಅಲೀಬೇಕು. ಇಲ್ಲಿ ಭಾನುವಾರ ನಡೆಯೋಕೆ ಬರೋ ಸಾವಿರಾರು ಜನಕ್ಕೆ ಅದು ಬೇಕು. ಬೇಲಿ ದಾಟೋ ಒಂದು ಮೆಟ್ಟಿಲು ಮುರಿದರೂ ಕ್ಲಬ್‌ನವರು ಕೌನ್ಸಿಲ್‌ಗೆ ಬರೀತಾರೆ, ಫೋಟೋ ಸಮೇತ, ಗ್ರಿಡ್ ಸಂಖ್ಯೆ ಸಮೇತ. ಕ್ಲಬ್ ಅಂದ್ರೆ ಬರೀ ನಡೆದು ಟೀ ಕುಡಿಯೋ ಗುಂಪಲ್ಲ.

ಧಾರವಾಡ_ಫೇಡೆ
ಅಂದ್ರ ನಮ್ಮಲ್ಲೂ ವಾಕಿಂಗ್ ಕ್ಲಬ್ ಮಾಡಿ ಹೊಲದಾಗ ನುಗ್ಗೂದ? ಬಡಿಗಿ ತಗೊಂಡ್ ನಿಂತಿರ್ತಾರ್ರಿ.

ಅಡಕೆ_ಸುಲಿಯೋನು
ನಮ್ಮ ಪಕ್ಕದವನ ತೋಟದಿಂದಲೇ ಶುರು ಮಾಡಿ ಸರ್, ಊಟ ನನ್ನದು.

ಒಂಟಿ_ಸಲಗ
ಎಲ್ಲರೂ ಕ್ಲಬ್‌ನ ಹೊಗಳ್ತಿದ್ದೀರ. ನನ್ನ ಅನುಭವ ಬೇರೆ. ದಕ್ಷಿಣದ ಒಂದು ಕ್ಲಬ್ ಜೊತೆ ನವೆಂಬರ್‌ನಲ್ಲಿ ಹೋಗಿದ್ದೆ. ಎಲ್ಲಾ ಅರವತ್ತು ದಾಟಿದವರು, ಅವರವರೇ ಮಾತು, ಅವರವರದ್ದೇ ನಾಯಿ ಕಥೆ. ಬೂಟಿನ ಲೇಸ್ ಕಟ್ಟೋಕೆ ಬಗ್ಗಿ ಎದ್ದು ನೋಡಿದ್ರೆ ಒಬ್ಬರೂ ಇಲ್ಲ. ದಾರಿ ಎರಡು ಕವಲು. ಮೊಬೈಲ್‌ನಲ್ಲಿ ಸಿಗ್ನಲ್ ಇಲ್ಲ. ಅವತ್ತಿಂದ ಒಬ್ಬನೇ ಹೋಗ್ತೀನಿ, ಆ್ಯಪ್ ಇದೆ, ಯಾರ ಹಂಗಿಲ್ಲ.

ಉಂಬಳ
ಸಿಗ್ನಲ್ ಇಲ್ಲ ಅಂತೀರ, ಆ್ಯಪ್ ಇದೆ ಅಂತೀರ.

ಒಂಟಿ_ಸಲಗ
ನಕ್ಷೆ ಮೊದಲೇ ಇಳಿಸ್ಕೊಂಡಿರ್ತೀನಿ ಗುರು. ಅಷ್ಟು ಗೊತ್ತು.

ಬ್ಯಾಕ್‌ಮಾರ್ಕರ್_ಭಾಗ್ಯ
ಸಲಗಣ್ಣ, ನಿಮಗಾದದ್ದು ತಪ್ಪೇ, ಅದನ್ನ ಸಮರ್ಥಿಸಲ್ಲ. ಸರಿಯಾಗಿ ನಡೆಸೋ ಗುಂಪಿನಲ್ಲಿ ಮುಂದೆ ಒಬ್ಬ ಲೀಡರ್, ಕಟ್ಟಕಡೆಗೆ ಬ್ಯಾಕ್‌ಮಾರ್ಕರ್ ಅಂತ ಒಬ್ಬರು ಇರಲೇಬೇಕು. ಅವರನ್ನ ಬಿಟ್ಟು ಯಾರೂ ಹಿಂದೆ ಉಳಿಯೋ ಹಾಗಿಲ್ಲ. ಪ್ರತಿ ಗೇಟಿನಲ್ಲಿ, ಪ್ರತಿ ಕವಲಿನಲ್ಲಿ ತಲೆ ಎಣಿಸ್ತೀವಿ. ಪೊದೆ ಮರೆಗೆ ಹೋಗೋರು ಚೀಲವನ್ನ ದಾರಿ ಪಕ್ಕ ಇಟ್ಟು ಹೋಗಬೇಕು, ಆ ಚೀಲ ಕಂಡರೆ ಬ್ಯಾಕ್‌ಮಾರ್ಕರ್ ಅಲ್ಲೇ ನಿಲ್ತಾರೆ. ನಾನು ಆ ಕೆಲಸ ಮಾಡ್ತೀನಿ, ಅದಕ್ಕೇ ಈ ಹೆಸರು. ಚಳಿಗಾಲದಲ್ಲಂತೂ ಎಲ್ಲರಿಗಿಂತ ನಿಧಾನ ಇರೋರ ಜೊತೆ ಮಾತಾಡ್ತಾ ಬರೋದೇ ನನ್ನ ಕೆಲಸ. ಮಾತು ನಿಂತಿತು ಅಂದ್ರೆ ಅವರಿಗೆ ಸುಸ್ತಾಗಿದೆ ಅಂತ ಅರ್ಥ. ಮಾತು ತೊದಲೋಕೆ, ನಡುಗೋಕೆ ಶುರುವಾದರೆ ಮೈ ತಣ್ಣಗಾಗ್ತಿದೆ, ತಕ್ಷಣ ನಿಲ್ಲಿಸಿ ಬಟ್ಟೆ ಹಾಕಿ ಬಿಸಿ ಕೊಡ್ತೀವಿ.

ಅರವತ್ತು ದಾಟಿದವರೇ ಇರ್ತಾರೆ ಅನ್ನೋದು ಬಹಳ ಕಡೆ ನಿಜ. ಮೊದಲ ಅರ್ಧ ಗಂಟೆ ಅವರಾಗಿ ಮಾತಾಡಿಸೋದೂ ಕಡಿಮೆ. ಒಂದು ಮೆಟ್ಟಿಲು ದಾಟಿಸೋಕೆ ಕೈ ಕೊಡಿ ಸಾಕು, ಆಮೇಲೆ ಮೊಣಕಾಲು ಆಪರೇಷನ್ನಿನಿಂದ ಹಿಡಿದು ಮೊಮ್ಮಗಳ ಮದುವೆವರೆಗೆ ಎಲ್ಲಾ ಹೇಳ್ತಾರೆ.

ಹೇಮಾವತಿ, ನಿಮ್ಮ ವಿಷಯಕ್ಕೆ ಬರ್ತೀನಿ. ಎಂಟು ಮೈಲಿ ಮಾಡರೇಟ್ ಬೇಡ ಅಂತ ನನ್ನ ಅಭಿಪ್ರಾಯ. ದರ್ಜೆಗಳಲ್ಲಿ ಅದಕ್ಕಿಂತ ಕೆಳಗೆ "ಲೀಷರ್ಲಿ", "ಈಸಿ" ಇವೆ. ಕಣಿವೆಯಲ್ಲೇ ನಾಲ್ಕೈದು ಮೈಲಿ ಸಿಗುತ್ತೆ. ಎಡೇಲ್‌ನಿಂದ ಬಾರ್ಬರ್ ಬೂತ್, ಅಪ್ಪರ್ ಬೂತ್, ಪೆನ್ನೈನ್ ವೇ ಹಿಡಿದು ವಾಪಸ್. ಏರು ಕಡಿಮೆ, ಬೇಡ ಅನ್ನಿಸಿದರೆ ಎಲ್ಲಿಂದ ಬೇಕಾದರೂ ಹಿಂದಿರುಗಬಹುದು. ಲೀಡರ್‌ಗೆ ಮೊದಲೇ ಫೋನ್ ಮಾಡಿ ಬಿಪಿ ವಿಷಯ ಹೇಳಿ. ಸದಸ್ಯರಲ್ಲದವರನ್ನೂ ಒಂದೆರಡು ನಡಿಗೆಗೆ ಅತಿಥಿಯಾಗಿ ಸೇರಿಸ್ಕೊಳ್ತಾರೆ, ಅದು ಸಮಸ್ಯೆ ಆಗಲ್ಲ.

ಹಾಲಪ್ಪನ_ಮಗ
ಹಸು ಗೂಳಿ ಭಯ ಇದೆಯಾ? ನಮ್ಮ ಸ್ನೇಹಿತರನ್ನ ಬೇಸಿಗೆಯಲ್ಲಿ ಒಮ್ಮೆ ಅಟ್ಟಿಸ್ಕೊಂಡು ಬಂದಿದ್ವು.

ಕಪ್ಪುಕೋಟು
ಚಳಿಗಾಲದಲ್ಲಿ ಹಸುಗಳನ್ನ ಬಹುತೇಕ ಕೊಟ್ಟಿಗೆಯೊಳಗೇ ಇಟ್ಟಿರ್ತಾರೆ, ಹೊರಗೆ ಕುರಿ ಮಾತ್ರ. ಚಳಿಗಾಲದ ನಡಿಗೆಯ ಒಂದು ಲಾಭ ಅದು. ಹತ್ತು ತಿಂಗಳು ದಾಟಿದ ಹಾಲಿನ ತಳಿಯ ಗೂಳಿಯನ್ನ ಸಾರ್ವಜನಿಕ ದಾರಿ ಇರೋ ಹೊಲದಲ್ಲಿ ಬಿಡೋ ಹಾಗಿಲ್ಲ ಅಂತ ಕಾನೂನೇ ಇದೆ.

ಧಾರವಾಡ_ಫೇಡೆ
ಗೂಳಿಗೆ ಕಾನೂನ್ ಓದಿ ಹೇಳಿರೇನು?

ಪುಳಿಯೋಗರೆ_ಪಾರ್ಟಿ
ಯಾರೂ ಊಟದ ಬಗ್ಗೆ ಮಾತಾಡ್ತಿಲ್ಲ, ನಾಚಿಕೆಗೇಡು. ಪುಳಿಯೋಗರೆ ತಣ್ಣಗಿದ್ರೂ ರುಚಿ, ಕೆಡಲ್ಲ, ಒಂದು ಡಬ್ಬಿ ಸಾಕು.

ಮಂಗಳೂರು_ಬನ್ಸ್
ಆ ಚಳಿಯಲ್ಲಿ ಕೈಗವಸು ತೆಗೆದು ಅನ್ನ ಕಲಸಿ ತಿನ್ನುವುದಾ? ಬೆರಳು ಉದುರ್ತದೆ. ಚಪಾತಿಗೆ ಪಲ್ಯ ಸುತ್ತಿ ಕಾಗದದಲ್ಲಿ ಕಟ್ಟಿಕೊಳ್ಳಿ, ನಿಂತೇ ತಿನ್ನಬಹುದು.

ಪುಳಿಯೋಗರೆ_ಪಾರ್ಟಿ
ಚಮಚ ಅಂತ ಒಂದಿದೆ ಸ್ವಾಮಿ.

ಬ್ಯಾಕ್‌ಮಾರ್ಕರ್_ಭಾಗ್ಯ
ಎರಡೂ ಸರಿ. ಆದರೆ ನಿಲ್ಲೋದು ಹದಿನೈದೇ ನಿಮಿಷ, ಅದಕ್ಕಿಂತ ಹೆಚ್ಚು ಕೂತ್ರೆ ಮೈ ಆರಿಹೋಗುತ್ತೆ. ಕೂರೋಕೆ ಒಂದು ಫೋಮ್ ತುಂಡು ತನ್ನಿ, ಒದ್ದೆ ಕಲ್ಲಿನ ಮೇಲೆ ಕೂತರೆ ಮನೆಗೆ ಹೋದ ಮೇಲೂ ಮರೆಯಲ್ಲ. ಫ್ಲಾಸ್ಕಲ್ಲಿ ಕಾಫಿ, ಬೆಲ್ಲ ಹಾಕಿದ್ರೆ ಇನ್ನೂ ಒಳ್ಳೇದು. ಕೊನೆಯಲ್ಲಿ ಪಬ್‌ಗೆ ಹೋದರೆ ನಿಮ್ಮ ಡಬ್ಬಿ ತೆಗೀಬೇಡಿ, ಕೆಸರು ಬೂಟನ್ನ ಬಾಗಿಲಲ್ಲೇ ಬಿಡಿ. ಸಸ್ಯಾಹಾರಿಗಳಾದರೆ ಸೂಪು ಕೇಳಿ ತಗೊಳ್ಳಿ, ತರಕಾರಿ ಸೂಪಿಗೂ ಕೋಳಿ ಕಟ್ಟು ಹಾಕಿರ್ತಾರೆ ಕೆಲವು ಕಡೆ.

ಉಂಬಳ
ಊರಲ್ಲಿ ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು, ಇಲ್ಲಿ ಕೆಸರಿಗೆ ಗೇಟರ್, ಬೂಟಿನ ಮೇಲೆ ಕಾಲಿಗೆ ಸುತ್ತೋ ಹೊದಿಕೆ. ಚಳಿಗಾಲದಲ್ಲಿ ಯಾವುದೂ ಕಚ್ಚಲ್ಲ, ಅಷ್ಟು ಸಂತೋಷ.

ಹೇಮಾವತಿ_ದಡದವಳು
ಹೋಗಿ ಬಂದ್ವಿ! ಎಲ್ಲರಿಗೂ ಥ್ಯಾಂಕ್ಸ್.

ಭಾಗ್ಯಕ್ಕ ಹೇಳಿದ ಹಾಗೆ ಲೀಡರ್‌ಗೆ ಫೋನ್ ಮಾಡಿದೆ. ಅವರ ಹೆಂಡತಿಗೂ ಮಂಡಿ ನೋವಂತೆ, ಗುಂಪು ಎರಡಾಯಿತು. ಎಂಟು ಜನ ಕಣಿವೆಯಲ್ಲೇ ಉಳಿದ್ವಿ, ಉಳಿದವರು ಮ್ಯಾಮ್ ಟಾರ್ ಹತ್ತಿದರು. ಬೆಳಗ್ಗೆ ಕಣಿವೆ ಪೂರ್ತಿ ಮಂಜು, ನಮಗೆ ಹತ್ತು ಮಾರು ಮುಂದೆ ಕಾಣ್ತಿರಲಿಲ್ಲ. ಮೇಲೆ ಹೋದವರು ಆಮೇಲೆ ಫೋಟೋ ತೋರಿಸಿದರು: ಅಲ್ಲಿ ಬಿಸಿಲು, ಕೆಳಗೆಲ್ಲ ಮೋಡದ ಹಾಸು, ಅದರೊಳಗೆ ನಾವು. ಸ್ವಲ್ಪ ಹೊಟ್ಟೆಕಿಚ್ಚಾಯ್ತು, ಸುಳ್ಳು ಹೇಳಲ್ಲ.

ಅಪ್ಪ ಮೊದಲು ಬೂಟು ಬೈದರು. ಅರ್ಧ ಮೈಲಿ ಆದ ಮೇಲೆ ಮರೆತರು. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಗೋಡೆ ನೋಡಿ ಅಲ್ಲೇ ನಿಂತುಬಿಟ್ಟರು. ಎರಡು ಬದಿಯ ಕಲ್ಲನ್ನ ಹಿಡಿದುಕೊಳ್ಳೋಕೆ ಅಲ್ಲಲ್ಲಿ ಒಂದು ಉದ್ದ ಕಲ್ಲು ಆರಪಾರ ಹಾಕಿರ್ತಾರಂತೆ, ಅದನ್ನ ಯಾರೂ ಹೇಳದೆ ಅಪ್ಪನೇ ಕೈಯಿಟ್ಟು ಕಂಡುಹಿಡಿದರು. ಆಮೇಲೆ ಕುರಿಗಳು. ಒಂದಷ್ಟು ಕುರಿಗಳ ಹಿಂಭಾಗಕ್ಕೆ ಕೆಂಪು, ಒಂದಷ್ಟಕ್ಕೆ ನೀಲಿ ಬಣ್ಣ. "ಇಬ್ಬರು ಯಜಮಾನರಾ?" ಅಂತ ಕೇಳಿದರು. ನಮ್ಮ ಕಡೆ ಕುರುಬರು ಹಿಂಡು ಗುರುತಿಸೋಕೆ ಬಣ್ಣ ಹಚ್ಚೋದು ನೋಡಿದ್ದಾರಲ್ಲ. ಲೀಡರ್ ನಕ್ಕು ವಿವರಿಸಿದರು: ಗುರುತಿನ ಬಣ್ಣ ಬೇರೆ ಜಾಗದಲ್ಲಿ ಇದೆ. ಇದು ಟಗರಿನ ಎದೆಗೆ ಬಣ್ಣ ಕಟ್ಟಿ ನವೆಂಬರ್‌ನಲ್ಲಿ ಬಿಟ್ಟಿದ್ದರ ಗುರುತು. ಯಾವ ಕುರಿಗೆ ಯಾವಾಗ ಆಯ್ತು ಅಂತ ರೈತನಿಗೆ ಗೊತ್ತಾಗೋಕೆ. ಕೆಲವು ದಿನಕ್ಕೊಮ್ಮೆ ಬಣ್ಣ ಬದಲಾಯಿಸ್ತಾರೆ, ಯಾವುದು ಮೊದಲು ಮರಿ ಹಾಕುತ್ತೆ ಅಂತ ಲೆಕ್ಕ ಸಿಗುತ್ತೆ, ಐದು ತಿಂಗಳಿಗೆ, ಏಪ್ರಿಲ್ ಹೊತ್ತಿಗೆ. ನಾನು ಇದನ್ನ ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕಾಗಿ ಬಂದ ಮುಜುಗರ ನೀವೇ ಊಹಿಸಿ. ಅಪ್ಪ ಮಾತ್ರ ರೈಲಲ್ಲಿ ಪೂರ್ತಿ ಅದೇ ನಗು.

ಎರಡು ಮುಕ್ಕಾಲಿಗೆ ಸ್ಟೇಷನ್‌ನಲ್ಲಿದ್ವಿ. ಮೇಲೆ ಹೋದವರು ಮೂರೂವರೆಗೆ ಬಂದರು, ಇಬ್ಬರು ಹೆಡ್ ಟಾರ್ಚ್ ಹಚ್ಚಿಕೊಂಡೇ. ಕಲ್ಲುಹಾಸಿನ ಮೇಲೆ ಮಂಜುಗಡ್ಡೆ ಕಟ್ಟಿತ್ತಂತೆ.

ಧಾರವಾಡ_ಫೇಡೆ
ಟಗರಿನ ಬಣ್ಣದ ಐಡಿಯಾ ಭಾರಿ ಐತಿ. ಅಪ್ಪಾರಿಗೆ ಶರಣು ಹೇಳ್ರಿ. ಆದ್ರ ಮ್ಯಾಮ್ ಟಾರ್ ಹತ್ತಿದ್ರ ಅವರೂ ಹತ್ತತಿದ್ರು, ಈಗೂ ಹೇಳ್ತೀನಿ.

ಲೀಡ್ಸ್_ಲಿಂಗರಾಜು
ಹತ್ತೋದು ಯಾರಾದರೂ ಹತ್ತುತ್ತಾರೆ ಸರ್, ಮಂಜುಗಡ್ಡೆ ಕಟ್ಟಿದ ಕಲ್ಲಿನ ಮೇಲೆ ಇಳಿಯೋದು ಹೇಳಿ. ಜಾರಿ ಬಿದ್ದು ಕಾಲು ಮುರಿದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಬೇಕು. ಬರೋರೆಲ್ಲ ಸ್ವಯಂಸೇವಕರು, ಹಣ ತಗೊಳ್ಳಲ್ಲ, ಭಾನುವಾರದ ಊಟ ಬಿಟ್ಟು ಬರ್ತಾರೆ. ಸೀಟಿ ಇಟ್ಕೊಳ್ಳಿ ಎಲ್ಲರೂ: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ.

ಒಂಟಿ_ಸಲಗ
ಆ ಕ್ಲಬ್‌ಗೆ ಹೊಸಬರನ್ನ ಸೇರಿಸ್ಕೊಳ್ತಾರಾ? ಸುಮ್ನೆ ಕೇಳ್ದೆ.

ಬ್ಯಾಕ್‌ಮಾರ್ಕರ್_ಭಾಗ್ಯ
ಲೇಸ್ ಗಟ್ಟಿಯಾಗಿ ಕಟ್ಕೊಂಡು ಬನ್ನಿ ಸಲಗಣ್ಣ 😀

ನಿವೃತ್ತ_ಮೇಷ್ಟ್ರು
ಲಂಡನ್ ಕಡೆಯವರಿಗೊಂದು ಸೂಚನೆ. ಕೆಸರೂ ಏರೂ ಬೇಡವೆನ್ನುವ ಹಿರಿಯರಿದ್ದರೆ ಥೇಮ್ಸ್ ಪಾತ್ ಹಿಡಿಯಿರಿ. 184 ಮೈಲಿಯ ದಾರಿ, ನಮಗೆ ಬೇಕಾದದ್ದು ಅದರ ಒಂದು ತುಣುಕು: ವಾಕ್ಸಾಲ್‌ನಿಂದ ದಕ್ಷಿಣ ದಡದಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ದಾರಿಯಲ್ಲೇ ಸಿಗುತ್ತದೆ. ನದಿಯಾಚೆ ಪಾರ್ಲಿಮೆಂಟು. ಜನವರಿಯ ಮೊದಲ ಶನಿವಾರ ನಾವು ಕೆಲವರು ಹೋಗುತ್ತಿದ್ದೇವೆ.

ಪುಳಿಯೋಗರೆ_ಪಾರ್ಟಿ
ನಾನು ಬರ್ತೀನಿ ಮೇಷ್ಟ್ರೇ. ಅಲ್ಲಿ ಕೂತು ತಿನ್ನೋಕೆ ಬೆಂಚ್ ಇದ್ಯಾ?

ನಿವೃತ್ತ_ಮೇಷ್ಟ್ರು
ನದಿಯ ಉದ್ದಕ್ಕೂ ಬೆಂಚುಗಳಿವೆ. ಹನ್ನೊಂದಕ್ಕೆ ವಾಕ್ಸಾಲ್ ಸ್ಟೇಷನ್ನಿನ ಹೊರಗೆ ಸೇರೋಣ.

ಮಂಗಳೂರು_ಬನ್ಸ್
ನಾನು ಚಪಾತಿ ತರ್ತೇನೆ. ಆಗ ನೋಡುವ ಯಾರ ಡಬ್ಬಿ ಮೊದಲು ಖಾಲಿ ಆಗ್ತದೆ ಅಂತ.